ಲಿಫ್ಟ್ ಇದ್ದರೆ ಸಾಕಾ, ಅದು ಎಲ್ಲಿದೆ ಅಂತ ಗೊತ್ತಾಗಬೇಡ್ವಾ? ಉಲ್ಲಾಳದ ಹಿರಿಯರು, ವಿಕಲಚೇತನರು ಬಸ್–ಮೆಟ್ರೋ ನಿಲ್ದಾಣದಲ್ಲಿ ದಾರಿ ಕಾಣೋದು ಹೇಗೆ

ಉಲ್ಲಾಳ: ಮೆಟ್ರೋ ಬಂದ ಮೇಲೆ ನಮ್ಮ ಕಡೆಯವರಿಗೆ ಮೆಜೆಸ್ಟಿಕ್ ಹತ್ತಿರ ಆಯ್ತು. 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗ ಮೈಸೂರು ರಸ್ತೆಯಿಂದ ಕೆಂಗೇರಿವರೆಗೆ ಬಂತು. 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟ ಮುಟ್ಟಿತು. ಉಲ್ಲಾಳ, ಉಲ್ಲಾಳ ಉಪನಗರ, ನಾಗದೇವನಹಳ್ಳಿ, ಮಲ್ಲತ್ತಹಳ್ಳಿ ಕಡೆಯವರು ಬಸ್ಸೋ ಆಟೋನೋ ಹಿಡಿದು ಜ್ಞಾನಭಾರತಿ, ಪಟ್ಟಣಗೆರೆ ಇಲ್ಲಾ ಕೆಂಗೇರಿ ಬಸ್ ಟರ್ಮಿನಲ್ ನಿಲ್ದಾಣಕ್ಕೆ ಹೋದರೆ ಮುಂದಿನ ದಾರಿಗೆ ಟ್ರಾಫಿಕ್ ತಲೆಬಿಸಿ ಇಲ್ಲ.

ಆದ್ರೆ ಈ ಅನುಕೂಲ ಮನೆಯಲ್ಲಿರೋ ಎಲ್ಲರಿಗೂ ಸಿಕ್ಕಿದೆಯಾ ಅಂತ ಕೇಳಿ ನೋಡಿ. ಎಷ್ಟೋ ಮನೆಗಳಲ್ಲಿ ಅಜ್ಜ-ಅಜ್ಜಿ ಒಬ್ಬರೇ ಮೆಟ್ರೋ ಹತ್ತಲ್ಲ. ಕಾಲಿಗೆ ಶಕ್ತಿ ಇಲ್ಲ ಅಂತಲ್ಲ, ಒಳಗೆ ಹೋದ ಮೇಲೆ ಯಾವ ಕಡೆ ತಿರುಗಬೇಕು ಅಂತ ಗೊತ್ತಾಗಲ್ಲ. ಯಾರನ್ನಾದ್ರೂ ಕೇಳೋಣ ಅಂದ್ರೆ ಎಲ್ಲರೂ ಓಡ್ತಿರ್ತಾರೆ. ಮಗನಿಗೋ ಮಗಳಿಗೋ ರಜೆ ಸಿಗೋವರೆಗೆ ಕಣ್ಣಿನ ಡಾಕ್ಟರ್, ಪಿಂಚಣಿ ಕಚೇರಿ, ನೆಂಟರ ಮನೆ ಎಲ್ಲಾ ಮುಂದಕ್ಕೆ ಹೋಗುತ್ತೆ.

2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ 60 ದಾಟಿದವರು ಸುಮಾರು 58 ಲಕ್ಷ, ವಿಕಲಚೇತನರು 13 ಲಕ್ಷಕ್ಕೂ ಹೆಚ್ಚು. ಅಂದ್ರೆ ಇದು ಯಾರೋ ನಾಲ್ಕು ಜನರ ಸಮಸ್ಯೆ ಅಲ್ಲ.

ಕಟ್ಟಡದ ಒಳಗೆ ‘ನಾನು ಎಲ್ಲಿದ್ದೀನಿ, ಎಲ್ಲಿಗೆ ಹೋಗಬೇಕು, ಸರಿಯಾದ ದಾರಿಯಲ್ಲೇ ಇದ್ದೀನಾ, ತಲುಪಿದೆನಾ’ ಅನ್ನೋ ನಾಲ್ಕು ಪ್ರಶ್ನೆಗೆ ಉತ್ತರ ಕೊಡೋ ಏರ್ಪಾಡಿಗೆ ‘ವೇಫೈಂಡಿಂಗ್’ ಅಂತಾರೆ. ಕನ್ನಡದಲ್ಲಿ ದಾರಿ ತೋರುವ ವ್ಯವಸ್ಥೆ ಅನ್ನಬಹುದು. ಬೋರ್ಡು, ಬಾಣದ ಗುರುತು, ನೆಲದ ಹಳದಿ ಪಟ್ಟಿ, ಧ್ವನಿ ಪ್ರಕಟಣೆ, ಬ್ರೈಲ್ ಫಲಕ, ಬೆಳಕು, ಕೊನೆಗೆ ದಾರಿ ಹೇಳೋ ಮನುಷ್ಯ, ಇಷ್ಟೂ ಸೇರಿದ್ರೆ ಅದು ವ್ಯವಸ್ಥೆ. ಇದರಲ್ಲಿ ಒಂದು ಕೊಂಡಿ ಕಳಚಿದ್ರೂ ಉಳಿದದ್ದೆಲ್ಲಾ ವ್ಯರ್ಥ. ಕೋಟಿ ಖರ್ಚು ಮಾಡಿ ಹಾಕಿದ ಲಿಫ್ಟ್, ಅದು ಎಲ್ಲಿದೆ ಅಂತ ಗೇಟಿನ ಹತ್ತಿರ ಗೊತ್ತಾಗದೇ ಇದ್ರೆ, ಗಾಲಿಕುರ್ಚಿಯಲ್ಲಿ ಬಂದವರ ಪಾಲಿಗೆ ಇಲ್ಲದಂತೆಯೇ.

ಉಲ್ಲಾಳದಿಂದ ಮಿಂಟೋ ಆಸ್ಪತ್ರೆಗೆ: ಒಂದು ಲೆಕ್ಕ ಹಾಕೋಣ

ಉಲ್ಲಾಳ ಮುಖ್ಯರಸ್ತೆಯ ಮನೆಯಿಂದ 70 ವರ್ಷದ ಅಜ್ಜಿಯೊಬ್ಬರು ಕಣ್ಣು ತೋರಿಸೋಕೆ ಮಿಂಟೋ ಆಸ್ಪತ್ರೆಗೆ ಹೊರಟರು ಅಂದುಕೊಳ್ಳಿ. ಆಸ್ಪತ್ರೆ ಇರೋದು ಸಿಟಿ ಮಾರ್ಕೆಟ್ ಪಕ್ಕ. ಹಾಗಾಗಿ ಜ್ಞಾನಭಾರತಿಯಲ್ಲಿ ನೇರಳೆ ಮಾರ್ಗ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗಕ್ಕೆ ಬದಲಾಯಿಸಿ, ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯಬೇಕು.

ನಮಗೆ ಇದು ಮೂರು ಸಾಲಿನ ಮಾತು. ಅಜ್ಜಿಗೆ ಎಷ್ಟು ತೀರ್ಮಾನ ಮಾಡಬೇಕಾಗುತ್ತೆ ನೋಡಿ.

ಮೊದಲು ಜ್ಞಾನಭಾರತಿ ನಿಲ್ದಾಣದಲ್ಲಿ ರಸ್ತೆಯ ಯಾವ ಬದಿಯಿಂದ ಹತ್ತಬೇಕು, ಲಿಫ್ಟ್ ಯಾವ ಬದಿಯಲ್ಲಿದೆ. ಮೇಲೆ ಹೋದ ಮೇಲೆ ಟಿಕೆಟ್ ಎಲ್ಲಿ, ಗೇಟು ಎಲ್ಲಿ. ಗೇಟು ದಾಟಿದ ಮೇಲೆ ಎರಡು ಪ್ಲಾಟ್‌ಫಾರಂ. ಬೋರ್ಡಿನಲ್ಲಿ ಒಂದು ಕಡೆ ‘ವೈಟ್‌ಫೀಲ್ಡ್ (ಕಾಡುಗೋಡಿ)’, ಇನ್ನೊಂದು ಕಡೆ ‘ಚಲ್ಲಘಟ್ಟ’. ಅಜ್ಜಿಗೆ ಎರಡೂ ಬೇಡ, ಅವರಿಗೆ ಬೇಕಿರೋದು ಮೆಜೆಸ್ಟಿಕ್. ಅದು ಕಾಡುಗೋಡಿ ದಿಕ್ಕಿನಲ್ಲಿ ಬರುತ್ತೆ ಅಂತ ಮೊದಲೇ ಗೊತ್ತಿದ್ರೆ ಮಾತ್ರ ಆ ಬೋರ್ಡು ಉಪಯೋಗಕ್ಕೆ ಬರುತ್ತೆ.

ಅಲ್ಲಿಂದ ಹತ್ತನೇ ನಿಲ್ದಾಣ ಮೆಜೆಸ್ಟಿಕ್. ಅದು ನೆಲದಡಿಯ ನಿಲ್ದಾಣ. ನೇರಳೆ ಮಾರ್ಗದ ಪ್ಲಾಟ್‌ಫಾರಂ ಒಂದು ಮಟ್ಟದಲ್ಲಿ, ಹಸಿರು ಮಾರ್ಗದ್ದು ಇನ್ನೊಂದು ಮಟ್ಟದಲ್ಲಿ. ರೈಲಿಂದ ಇಳಿದ ತಕ್ಷಣ ಹಿಂದಿಂದ ಜನ ತಳ್ಳಿಕೊಂಡು ಬರ್ತಾರೆ. ನಿಂತು ಬೋರ್ಡು ಓದೋಕೆ ಜಾಗ ಇರಲ್ಲ. ಹಸಿರು ಮಾರ್ಗದಲ್ಲೂ ಮತ್ತೆ ಎರಡು ದಿಕ್ಕು: ಒಂದು ಮಾದಾವರ, ಇನ್ನೊಂದು ರೇಷ್ಮೆ ಸಂಸ್ಥೆ. ಅಜ್ಜಿ ಹೋಗಬೇಕಿರೋದು ರೇಷ್ಮೆ ಸಂಸ್ಥೆ ದಿಕ್ಕಿಗೆ, ಚಿಕ್ಕಪೇಟೆ ಆದ ಮೇಲಿನ ನಿಲ್ದಾಣ.

ವಾಪಸ್ ಬರುವಾಗ ಕಥೆ ಇನ್ನೂ ಕಷ್ಟ. ಕಣ್ಣಿನ ಪರೀಕ್ಷೆಗೆ ಪಾಪೆ ಅಗಲ ಮಾಡೋ ಹನಿ ಹಾಕಿದ್ರೆ ಕೆಲವು ಗಂಟೆ ಹತ್ತಿರದ್ದು ಮಬ್ಬು, ಬೆಳಕು ಕಣ್ಣಿಗೆ ಚುಚ್ಚುತ್ತೆ. ಅಂದ್ರೆ ಬೆಳಿಗ್ಗೆ ಬೋರ್ಡು ಓದಿದವರೇ ಮಧ್ಯಾಹ್ನಕ್ಕೆ ಅದೇ ಬೋರ್ಡು ಓದಲಾರರು. ಕಣ್ಣಾಸ್ಪತ್ರೆ ಪಕ್ಕದ ನಿಲ್ದಾಣಕ್ಕೆ ದಿನಾ ಬರೋ ಪ್ರಯಾಣಿಕರಲ್ಲಿ ಇಂಥವರು ಎಷ್ಟು ಮಂದಿ ಅಂತ ನೀವೇ ಯೋಚಿಸಿ. ವಿಕಲಚೇತನರಿಗೆ ಅಂತ ಮಾಡೋ ಸೌಲಭ್ಯ ಯಾವತ್ತೋ ಒಂದು ದಿನ ಎಲ್ಲರಿಗೂ ಬೇಕಾಗುತ್ತೆ ಅನ್ನೋದು ಇದಕ್ಕೇ. ಕಾಲು ಮುರಿದವರು, ಗರ್ಭಿಣಿಯರು, ಕೂಸು ಎತ್ತಿಕೊಂಡವರು, ಅಕ್ಕಿ ಮೂಟೆ ಹೊತ್ತವರು ಎಲ್ಲಾ ಇದೇ ಸಾಲಿಗೆ ಬರ್ತಾರೆ.

ಹೆಸರೇ ದಾರಿ ತಪ್ಪಿಸಿದ್ರೆ?

ಬೋರ್ಡು ದೊಡ್ಡದು, ಅಕ್ಷರ ಚೆನ್ನಾಗಿದೆ, ಆದ್ರೂ ಜನ ತಪ್ಪು ಜಾಗದಲ್ಲಿ ಇಳೀತಾರೆ. ಕಾರಣ ಹೆಸರು. ನಮ್ಮ ಭಾಗದಲ್ಲೇ ಮೂರು ಉದಾಹರಣೆ ಇದೆ.

ಒಂದು, ಕೆಂಗೇರಿ. ಮೆಜೆಸ್ಟಿಕ್ ಕಡೆಯಿಂದ ಬಂದ್ರೆ ಪಟ್ಟಣಗೆರೆ ಆದ ಮೇಲೆ ‘ಕೆಂಗೇರಿ ಬಸ್ ಟರ್ಮಿನಲ್’, ಆಮೇಲೆ ‘ಕೆಂಗೇರಿ’. ಎರಡೂ ಬೇರೆ ಬೇರೆ ನಿಲ್ದಾಣ, ಒಂದರ ಹಿಂದೆ ಒಂದು. ಬಿಎಂಟಿಸಿಯ ಕೆಂಗೇರಿ ಟಿಟಿಎಂಸಿಗೆ ಹೋಗಬೇಕಿದ್ದವರು ಮೊದಲನೆಯದರಲ್ಲೇ ಇಳಿಯಬೇಕು. ಕಿವಿ ಸ್ವಲ್ಪ ಮಂದ ಇರೋರಿಗೆ ‘ಕೆಂಗೇರಿ’ ಅನ್ನೋ ಒಂದೇ ಪದ ಕೇಳಿಸಿದ್ರೆ ಅದು ಯಾವ ಕೆಂಗೇರಿ ಅಂತ ಗೊತ್ತಾಗೋದು ಹೇಗೆ?

ಎರಡು, ಮೈಸೂರು ರಸ್ತೆ. ಮೈಸೂರು, ಮಡಿಕೇರಿ ಕಡೆ ಹೋಗೋ ಕೆಎಸ್‌ಆರ್‌ಟಿಸಿ ಬಸ್ಸಿಗೆ ಜನ ಹುಡುಕೋದು ಮೈಸೂರು ರಸ್ತೆ ಸ್ಯಾಟಲೈಟ್ ಬಸ್ ನಿಲ್ದಾಣ. ಹೆಸರು ನೋಡಿ ‘ಮೈಸೂರು ರಸ್ತೆ’ ಮೆಟ್ರೋದಲ್ಲಿ ಇಳಿದ್ರೆ ನಡಿಗೆ ಜಾಸ್ತಿ. ಸ್ಯಾಟಲೈಟ್‌ಗೆ ಹತ್ತಿರದ ಮೆಟ್ರೋ ದೀಪಾಂಜಲಿ ನಗರ. ಗಟ್ಟಿ ಕಾಲಿನವರು ನಡೆದು ಹೋಗ್ತಾರೆ. ಮಂಡಿನೋವು ಇರೋರು ಲಗೇಜ್ ಹಿಡಿದು ಎಲ್ಲಿಗೆ ಹೋಗಬೇಕು?

ಮೂರು, ಕೊನೆ ನಿಲ್ದಾಣದ ಹೆಸರು. 2015ರಲ್ಲಿ ಮಾರ್ಗದ ಈ ಕಡೆಯ ತುದಿ ಮೈಸೂರು ರಸ್ತೆ. 2021ರಲ್ಲಿ ಕೆಂಗೇರಿ. 2023ರಿಂದ ಚಲ್ಲಘಟ್ಟ. ಎಂಟು ವರ್ಷದಲ್ಲಿ ಬೋರ್ಡಿನ ಹೆಸರು ಎರಡು ಸಲ ಬದಲಾಯ್ತು. ದಿನಾ ಓಡಾಡೋರಿಗೆ ಇದು ಲೆಕ್ಕಕ್ಕಿಲ್ಲ. ವರ್ಷಕ್ಕೆರಡು ಸಲ ಹೊರಗೆ ಬರೋ ಹಿರಿಯರು ಕಷ್ಟಪಟ್ಟು ನೆನಪಿಟ್ಟುಕೊಂಡಿದ್ದ ಹೆಸರು ಅಲ್ಲಿ ಇರೋದೇ ಇಲ್ಲ.

ಇದರ ಜೊತೆಗೆ ಜನ ಕರೆಯೋ ಹೆಸರೇ ಬೇರೆ, ಬೋರ್ಡಿನ ಹೆಸರೇ ಬೇರೆ. ನಾವು ‘ಮಾರ್ಕೆಟ್’ ಅಂತೀವಿ, ಅಲ್ಲಿ ‘ಕೃಷ್ಣರಾಜೇಂದ್ರ ಮಾರುಕಟ್ಟೆ’. ನಾವು ‘ಸಿಟಿ ಸ್ಟೇಷನ್’ ಅಂತೀವಿ, ಅಲ್ಲಿ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’. ಹಿರಿಯರ ಹೆಸರು ಇಡೋದು ಒಳ್ಳೇದೇ. ಅದರ ಕೆಳಗೆ ಜನರ ಬಾಯಲ್ಲಿರೋ ಹೆಸರನ್ನೂ ಅಷ್ಟೇ ದಪ್ಪವಾಗಿ ಬರೆದ್ರೆ ಕೇಳೋರಿಗೆ, ಹೇಳೋರಿಗೆ ಇಬ್ಬರಿಗೂ ಸುಲಭ. ನಮ್ಮ ಉಲ್ಲಾಳವನ್ನೇ ತಗೊಳ್ಳಿ, ಹೊರಗಿನೋರು ಮಂಗಳೂರಿನ ಉಳ್ಳಾಲ ಅಂದುಕೊಳ್ತಾರೆ. ಹೆಸರಿನ ಗೊಂದಲ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದಕ್ಕೆ ಹೊರದೇಶದಲ್ಲಿ ಒಂದು ಒಳ್ಳೆ ದಾರಿ ಕಂಡುಕೊಂಡಿದ್ದಾರೆ. ಮೆಕ್ಸಿಕೋ ಸಿಟಿಯಲ್ಲಿ 1969ರಲ್ಲಿ ಮೆಟ್ರೋ ಶುರುವಾದಾಗ ಓದಲು ಬಾರದವರು ಬಹಳ ಇದ್ದರು. ಅದಕ್ಕೆ ಪ್ರತಿ ನಿಲ್ದಾಣಕ್ಕೂ ಹೆಸರಿನ ಜೊತೆ ಒಂದು ಚಿತ್ರ ಕೊಟ್ಟರು. ಲ್ಯಾನ್ಸ್ ವೈಮನ್ ಅನ್ನೋ ವಿನ್ಯಾಸಕಾರ ಮಾಡಿದ ಆ ಪದ್ಧತಿ ಇವತ್ತಿಗೂ ನಡೀತಿದೆ. ನಮಗೂ ಇದು ಹೊಸದಲ್ಲ. ಮೊದಲನೇ ಮಹಾಚುನಾವಣೆಯಿಂದ ನಾವು ಓಟು ಹಾಕ್ತಿರೋದು ಚಿಹ್ನೆ ನೋಡಿಯೇ.

ಬೋರ್ಡು ಬರೆಯೋದೂ ಒಂದು ಕೆಲಸ

60ರ ಆಸುಪಾಸಿನವರ ಕಣ್ಣಿನ ಒಳಗೆ ತಲುಪೋ ಬೆಳಕು 20ರ ಹುಡುಗರಿಗೆ ತಲುಪೋದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಅಂದ್ರೆ ನಮಗೆ ಸಾಕಷ್ಟು ಬೆಳಕಿದೆ ಅನಿಸಿದ ಜಾಗ ಅವರಿಗೆ ಸಂಜೆಗತ್ತಲು. ಕಣ್ಣಿನ ಪೊರೆ ಬೆಳೀತಿದ್ರೆ ನೀಲಿ, ನೇರಳೆ ಥರದ ಬಣ್ಣ ಗುರುತಿಸೋದು ಕಷ್ಟ ಆಗುತ್ತೆ. ನಮ್ಮ ಮಾರ್ಗದ ಬಣ್ಣ ನೇರಳೆ! 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗವೂ ಬಂದಿದೆ. ಬಿಳಿ ಹಿನ್ನೆಲೆ ಮೇಲೆ ಹಳದಿ ಅಕ್ಷರ ಬರೆದ್ರೆ ಒಳ್ಳೆ ಕಣ್ಣಿಗೂ ಕಾಣಲ್ಲ. ಅದಕ್ಕೇ ಬಣ್ಣ ಒಂದನ್ನೇ ನಂಬಿಕೊಂಡು ದಾರಿ ಹೇಳಬಾರದು. ಬಣ್ಣದ ಜೊತೆ ಹೆಸರು, ಸಂಖ್ಯೆ, ಬಾಣದ ಗುರುತು ಇರಲೇಬೇಕು.

ಕನ್ನಡ ಅಕ್ಷರಕ್ಕೆ ಅದರದೇ ಒಂದು ಕಷ್ಟ ಇದೆ. ಇಂಗ್ಲಿಷ್ ದೊಡ್ಡಕ್ಷರ ಒಂದೇ ಎತ್ತರ. ಕನ್ನಡಕ್ಕೆ ಮೇಲೆ ಗುಣಿತ ಬೇಕು, ಕೆಳಗೆ ಒತ್ತಕ್ಷರಕ್ಕೆ ಜಾಗ ಬೇಕು. ‘ಕೃಷ್ಣರಾಜೇಂದ್ರ’ ಅಂತ ಒಂದು ಸಾರಿ ಬರೆದು ನೋಡಿ. ಇಂಗ್ಲಿಷಿಗೆ ಕೊಟ್ಟ ಎತ್ತರವನ್ನೇ ಕನ್ನಡಕ್ಕೂ ಕೊಟ್ಟರೆ ಒತ್ತು, ಗುಣಿತ ಎಲ್ಲಾ ಅದರೊಳಗೇ ತುರುಕಬೇಕಾಗಿ ಮೂಲ ಅಕ್ಷರ ಸಣ್ಣದಾಗುತ್ತೆ. ಮಬ್ಬು ಕಣ್ಣಿಗೆ ಪ, ಷ, ಫ ಎಲ್ಲಾ ಒಂದೇ ಥರ. ಹಾಗಾಗಿ ಕನ್ನಡದ ಸಾಲಿಗೆ ಹೆಚ್ಚು ಎತ್ತರ ಕೊಡಬೇಕು. ಇದು ಭಾಷಾಭಿಮಾನದ ಮಾತು ಮಾತ್ರ ಅಲ್ಲ, ಓದೋಕೆ ಆಗಬೇಕಲ್ಲ.

ಇನ್ನು ಬೋರ್ಡು ಇರಬೇಕಾದ ಜಾಗ. ದಾರಿ ಎರಡಾಗೋ ಕಡೆ, ಮೆಟ್ಟಿಲು ಶುರುವಾಗೋ ಮುಂಚೆ, ಗೇಟು ದಾಟಿದ ತಕ್ಷಣ. ಮೆಟ್ಟಿಲು ಅರ್ಧ ಹತ್ತಿದ ಮೇಲೆ ‘ಲಿಫ್ಟ್ ಆ ಕಡೆ’ ಅಂತ ಕಂಡ್ರೆ ಏನು ಪ್ರಯೋಜನ? ಅದೇ ರೀತಿ ಒಂದು ಬಾಣ ತೋರಿಸಿ ಮುಂದಿನ ತಿರುವಿನಲ್ಲಿ ಸುಮ್ಮನಾದ್ರೆ ಜನ ಅಲ್ಲೇ ನಿಂತುಬಿಡ್ತಾರೆ. ದಾರಿ ಮುಗಿಯೋವರೆಗೆ ಬಾಣ ಮುಗೀಬಾರದು. ಜಾಹೀರಾತು ಫಲಕದ ನಡುವೆ ದಾರಿಯ ಫಲಕ ಕಳೆದುಹೋಗಬಾರದು. ಹೊಳೆಯೋ ಗ್ರಾನೈಟ್ ನೆಲದ ಮೇಲೆ ಬಿದ್ದ ಬೆಳಕು ಕೂಡ ವಯಸ್ಸಾದ ಕಣ್ಣಿಗೆ ನೀರು ನಿಂತಂಗೆ ಕಾಣುತ್ತೆ, ಅವರು ಹೆಜ್ಜೆ ಇಡೋಕೆ ಹಿಂಜರೀತಾರೆ.

ಆ ಹಳದಿ ಪಟ್ಟಿ ಅಲಂಕಾರಕ್ಕಲ್ಲ

ಮೆಟ್ರೋ ನಿಲ್ದಾಣದ ನೆಲದಲ್ಲಿ ಉಬ್ಬುಗಳಿರೋ ಹಳದಿ ಟೈಲ್ಸ್ ನೀವೆಲ್ಲ ನೋಡಿರ್ತೀರಿ. ಅದರ ಮೇಲೆ ಸೂಟ್‌ಕೇಸ್ ಇಟ್ಟುಕೊಂಡು ನಿಂತಿರೋರನ್ನೂ ನೋಡಿರ್ತೀರಿ. ಅದು ಕಣ್ಣು ಕಾಣದವರು ಓದೋ ರಸ್ತೆ.

ಓದೋದು ಸುಲಭ. ಉದ್ದುದ್ದ ಗೆರೆ ಇದ್ದರೆ ‘ಈ ದಿಕ್ಕಿಗೆ ಮುಂದೆ ಹೋಗಿ’. ಗುಂಡು ಚುಕ್ಕಿ ಇದ್ದರೆ ‘ನಿಲ್ಲಿ, ಎಚ್ಚರ’. ಚುಕ್ಕಿ ಬಂದ ಕಡೆ ಮೆಟ್ಟಿಲು, ತಿರುವು, ಲಿಫ್ಟ್ ಬಾಗಿಲು ಇಲ್ಲಾ ಪ್ಲಾಟ್‌ಫಾರಂ ಅಂಚು ಇರುತ್ತೆ. ಬಿಳಿ ಕೋಲಿನ ತುದಿಗೆ, ಚಪ್ಪಲಿಯ ಅಡಿಗೆ ಈ ವ್ಯತ್ಯಾಸ ಗೊತ್ತಾಗುತ್ತೆ. ಹಳದಿ ಬಣ್ಣ ಯಾಕೆ ಅಂದ್ರೆ, ಪೂರ್ತಿ ಕುರುಡರಲ್ಲದೆ ಮಬ್ಬಾಗಿ ಕಾಣೋರಿಗೆ ನೆಲದ ಮೇಲೆ ಅದು ಎದ್ದು ಕಾಣುತ್ತೆ.

ಇದನ್ನು ಕಂಡುಹಿಡಿದದ್ದು ಜಪಾನಿನ ಸೆಯಿಚಿ ಮಿಯಾಕೆ ಅನ್ನೋರು. ದೃಷ್ಟಿ ಕಳೆದುಕೊಳ್ಳುತ್ತಿದ್ದ ಸ್ನೇಹಿತರಿಗಾಗಿ ಮಾಡಿದ್ದು. 1967ರಲ್ಲಿ ಒಕಾಯಾಮಾ ಊರಿನಲ್ಲಿ, ಅಂಧ ಮಕ್ಕಳ ಶಾಲೆಯ ಹತ್ತಿರದ ರಸ್ತೆಯಲ್ಲಿ ಮೊದಲ ಸಲ ಹಾಕಿದರು. ಅಲ್ಲಿಂದ ಪ್ರಪಂಚಕ್ಕೆಲ್ಲಾ ಹಬ್ಬಿತು.

ಈ ಪಟ್ಟಿಗೆ ಒಂದೇ ನಿಯಮ: ನಡುವೆ ಕಡಿಯಬಾರದು. ಕಂಬಕ್ಕೆ ಹೋಗಿ ಮುಗಿಯೋ ಪಟ್ಟಿ, ಟೈಲ್ಸ್ ಕಿತ್ತುಹೋದ ಮೇಲೆ ಸಿಮೆಂಟ್ ಬಳಿದ ಪಟ್ಟಿ, ಬೈಕ್ ನಿಲ್ಲಿಸಿದ ಪಟ್ಟಿ ಇವೆಲ್ಲಾ ಪಟ್ಟಿ ಇಲ್ಲದಿರೋದಕ್ಕಿಂತ ಅಪಾಯ. ಯಾಕಂದ್ರೆ ಅದನ್ನ ನಂಬಿ ಬಂದವರು ನೇರವಾಗಿ ಹೋಗಿ ಗುದ್ದಿಕೊಳ್ತಾರೆ.

ಕಣ್ಣಿಗೊಂದು, ಕಿವಿಗೊಂದು

ಒಂದು ಮಾಹಿತಿ ಕನಿಷ್ಠ ಎರಡು ರೀತಿಯಲ್ಲಿ ಸಿಗಬೇಕು ಅನ್ನೋದು ಈ ಕ್ಷೇತ್ರದ ಮೂಲ ಪಾಠ. ಕಣ್ಣಿಗೆ ಕಾಣೋದು ಕಿವಿಗೂ ಕೇಳಬೇಕು, ಇಲ್ಲಾ ಕೈಗೆ ಮುಟ್ಟಬೇಕು. ಪ್ಲಾಟ್‌ಫಾರಂ ಬದಲಾಗಿದೆ ಅಂತ ಮೈಕಿನಲ್ಲಿ ಮಾತ್ರ ಹೇಳಿದ್ರೆ ಕಿವಿ ಕೇಳದವರು ಹಳೇ ಜಾಗದಲ್ಲೇ ಕಾಯ್ತಿರ್ತಾರೆ. ಬೋರ್ಡಿನಲ್ಲಿ ಮಾತ್ರ ಬರೆದ್ರೆ ಕಣ್ಣು ಕಾಣದವರಿಗೆ ಗೊತ್ತಾಗಲ್ಲ.

ಬ್ರೈಲ್ ಒಂದೇ ಸಾಕು ಅಂತಲೂ ಅಂದುಕೊಳ್ಳಬೇಡಿ. ಕನ್ನಡಕ್ಕೆ ಭಾರತಿ ಬ್ರೈಲ್ ಲಿಪಿ ಇದೆ, ಶಾಲೆಯಲ್ಲಿ ಕಲಿತವರಿಗೆ ಬಹಳ ಉಪಯೋಗ. ಆದ್ರೆ ಸಕ್ಕರೆ ಕಾಯಿಲೆಯಿಂದಲೋ ವಯಸ್ಸಿನಿಂದಲೋ ಅರವತ್ತರ ಮೇಲೆ ದೃಷ್ಟಿ ಹೋದವರಲ್ಲಿ ಹೆಚ್ಚಿನವರಿಗೆ ಬ್ರೈಲ್ ಬರಲ್ಲ. ಅವರಿಗೆ ಧ್ವನಿಯೇ ದಾರಿ.

ನಮ್ಮ ರಾಜ್ಯದಲ್ಲೇ ಒಳ್ಳೆ ಮಾದರಿಗಳಿವೆ. ಕೆಂಗೇರಿಯಲ್ಲಿ ರೈಲು ಹತ್ತಿ ಮೈಸೂರಿಗೆ ಹೋಗೋರು ಗಮನಿಸಿ: 2015ರಲ್ಲಿ ಮೈಸೂರು ರೈಲು ನಿಲ್ದಾಣದಲ್ಲಿ ‘ಅನುಪ್ರಯಾಸ್’ ಸಂಸ್ಥೆ ರೈಲ್ವೆ ಜೊತೆ ಸೇರಿ ಮೇಲ್ಸೇತುವೆಯ ಕೈಹಿಡಿಗಳ ಮೇಲೆ ಬ್ರೈಲ್ ಅಕ್ಷರದ ಲೋಹದ ಫಲಕಗಳನ್ನ ಅಳವಡಿಸಿತು. ಕೈಹಿಡಿ ಹಿಡಿದು ಹತ್ತುತ್ತಾ ಇರುವಾಗಲೇ ಇದು ಯಾವ ಪ್ಲಾಟ್‌ಫಾರಂ ದಾರಿ ಅಂತ ಬೆರಳಿಗೆ ಗೊತ್ತಾಗುತ್ತೆ. ಅಂಧ ಪ್ರಯಾಣಿಕರಿಗೆ ಹೀಗೆ ಸಜ್ಜಾದ ದೇಶದ ಮೊದಲ ರೈಲು ನಿಲ್ದಾಣ ಅಂತ ಅದು ಹೆಸರಾಯ್ತು.

ಮೈಸೂರಿನದೇ ಇನ್ನೊಂದು, ಸಿಟಿ ಬಸ್‌ಗಳ ‘ಧ್ವನಿ ಸ್ಪಂದನ’. ದೆಹಲಿ ಐಐಟಿಯಲ್ಲಿ ರೂಪುಗೊಂಡ ಸಾಧನ ಇದು. ಅಂಧ ಪ್ರಯಾಣಿಕರ ಕೈಯಲ್ಲಿ ಒಂದು ಪುಟ್ಟ ಯಂತ್ರ ಇರುತ್ತೆ. ಬಸ್ ಬಂದಾಗ ಗುಂಡಿ ಒತ್ತಿದ್ರೆ ಬಸ್ಸೇ ತನ್ನ ರೂಟ್ ನಂಬರ್ ಹೇಳುತ್ತೆ. ತಮಗೆ ಬೇಕಾದ ಬಸ್ ಅದೇ ಆದ್ರೆ ಇನ್ನೊಂದು ಗುಂಡಿ ಒತ್ತಿದಾಗ ಬಾಗಿಲ ಹತ್ತಿರದಿಂದ ಶಬ್ದ ಬರುತ್ತೆ, ಅದನ್ನ ಹಿಡಿದು ಹತ್ತಬಹುದು. ‘ಯಾವ ಬಸ್ಸಪ್ಪಾ ಇದು’ ಅಂತ ಯಾರ ಮುಂದೆಯೂ ನಿಲ್ಲಬೇಕಾಗಿಲ್ಲ.

ನಮ್ಮ ಮೆಟ್ರೋದಲ್ಲೂ ಲಿಫ್ಟ್, ಹಳದಿ ಪಟ್ಟಿ, ಕನ್ನಡ–ಇಂಗ್ಲಿಷ್ ಪ್ರಕಟಣೆ, ಬೋಗಿಯಲ್ಲಿ ಗಾಲಿಕುರ್ಚಿಗೆ ಜಾಗ ಇದೆ. ತೊಂದರೆ ಶುರುವಾಗೋದು ಹೆಚ್ಚಾಗಿ ಎರಡು ಸಂಸ್ಥೆಗಳ ಗಡಿಯಲ್ಲಿ. ಮೆಟ್ರೋದವರ ಬೋರ್ಡು ಮೆಟ್ರೋ ಗೇಟಿಗೆ ಮುಗಿಯುತ್ತೆ. ಬಿಎಂಟಿಸಿಯವರದು ಅವರ ಕಾಂಪೌಂಡಿನೊಳಗೆ ಶುರುವಾಗುತ್ತೆ. ರೈಲ್ವೆಯವರದು ಇನ್ನೊಂದು ಥರ. ನಡುವಿನ ರಸ್ತೆ ಪಾಲಿಕೆಯದು. ಪ್ರಯಾಣಿಕರಿಗೆ ಇದು ಒಂದೇ ಪ್ರಯಾಣ, ಇಲಾಖೆಗಳಿಗೆ ನಾಲ್ಕು ಫೈಲು. ಮೆಜೆಸ್ಟಿಕ್‌ನಲ್ಲಿ ಮೆಟ್ರೋ, ಬಿಎಂಟಿಸಿ, ಕೆಎಸ್‌ಆರ್‌ಟಿಸಿ, ರೈಲು ಎಲ್ಲಾ ಅಕ್ಕಪಕ್ಕದಲ್ಲೇ ಇದ್ದರೂ ಜನ ಸುತ್ತು ಹೊಡೆಯೋದು ಇದಕ್ಕೇ.

ಕಾನೂನು ಏನು ಹೇಳುತ್ತೆ?

ಇದು ದಯೆ ದಾಕ್ಷಿಣ್ಯದ ವಿಷಯ ಅಲ್ಲ, ಹಕ್ಕು. ವಿಕಲಚೇತನರ ಹಕ್ಕುಗಳ ಕಾಯ್ದೆ 2016 ಜಾರಿಗೆ ಬಂದಿದ್ದು 2017ರ ಏಪ್ರಿಲ್‌ನಲ್ಲಿ. ಹಳೇ 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯ ಇತ್ತು, ಹೊಸದರಲ್ಲಿ 21. ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಸೌಲಭ್ಯ ಕೊಡಬೇಕು ಅಂತ 41ನೇ ಸೆಕ್ಷನ್ ಹೇಳುತ್ತೆ. ಈಗಾಗಲೇ ಇರೋ ಸಾರ್ವಜನಿಕ ಕಟ್ಟಡಗಳನ್ನ ನಿಯಮ ಪ್ರಕಟವಾದ 5 ವರ್ಷದೊಳಗೆ ಸರಿಪಡಿಸಬೇಕು ಅಂತ 45ನೇ ಸೆಕ್ಷನ್. ನಿಯಮ ಪ್ರಕಟವಾಗಿದ್ದು 2017ರ ಜೂನ್‌ನಲ್ಲಿ. ಅಂದ್ರೆ ಗಡುವು 2022ರ ಜೂನ್‌ಗೇ ಮುಗಿದಿದೆ. ಕಾಯ್ದೆ ಮುರಿದ್ರೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮುರಿದ್ರೆ 50,000ದಿಂದ 5 ಲಕ್ಷದವರೆಗೆ ದಂಡ ಹಾಕೋಕೆ 89ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ.

2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ ಒಂದು ಮುಖ್ಯ ತೀರ್ಪು ಕೊಟ್ಟಿತು. ರತೂರಿ ಅವರು ಸ್ವತಃ ದೃಷ್ಟಿದೋಷವುಳ್ಳವರು. ಕಾಯ್ದೆ ‘ಮಾಡಲೇಬೇಕು’ ಅಂದಿದ್ದನ್ನ 2017ರ ನಿಯಮದ 15(1) ‘ಮಾಡಿದ್ರೆ ಒಳ್ಳೇದು’ ಅನ್ನೋ ಮಟ್ಟಕ್ಕೆ ಇಳಿಸಿಬಿಟ್ಟಿದೆ ಅಂತ ಕೋರ್ಟ್ ಅದನ್ನ ಒಪ್ಪಲಿಲ್ಲ. ಕಡ್ಡಾಯ ನಿಯಮ ಯಾವುದು, ಸಲಹೆ ಯಾವುದು ಅಂತ ಬೇರ್ಪಡಿಸಿ 3 ತಿಂಗಳಲ್ಲಿ ಹೊಸ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿತು.

ಅಳತೆಗಳೂ ಗುಟ್ಟೇನಲ್ಲ. ಇಳಿಜಾರು 12ಕ್ಕೆ 1ಕ್ಕಿಂತ ಕಡಿದಾಗಿರಬಾರದು, ಅಂದ್ರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಬಾಗಿಲು 900 ಮಿಲಿಮೀಟರ್, ಅಂದಾಜು ಮೂರು ಅಡಿ ಅಗಲ. ಕೌಂಟರಿನ ಒಂದು ಭಾಗವಾದ್ರೂ ಗಾಲಿಕುರ್ಚಿಯಲ್ಲಿ ಕೂತವರಿಗೆ ಎಟುಕಬೇಕು. ಕಡಿದಾದ ಇಳಿಜಾರು ಕಟ್ಟಿ ‘ರ‍್ಯಾಂಪ್ ಇದೆ’ ಅಂತ ಲೆಕ್ಕ ತೋರಿಸಿದ್ರೆ ಅದು ಬೈಕ್ ಹತ್ತಿಸೋಕೆ ಮಾತ್ರ ಉಪಯೋಗ.

ನಮ್ಮ ಅಂಗಡಿ ಮುಂದಿನ ಹತ್ತು ಅಡಿ

ಈಗ ನಮ್ಮ ಪಾಲಿನ ಮಾತು. ಪ್ರಯಾಣ ನಿಲ್ದಾಣದ ಗೇಟಿನಲ್ಲಿ ಶುರುವಾಗಲ್ಲ, ಮನೆ ಬಾಗಿಲಲ್ಲಿ ಶುರುವಾಗುತ್ತೆ. ಮನೆಯಿಂದ ಬಸ್ ಸ್ಟಾಪ್‌ವರೆಗಿನ ದಾರಿ ಹೋಗೋದು ನಮ್ಮ ಅಂಗಡಿಗಳ ಮುಂದೆ. ಅಲ್ಲಿ ಫುಟ್‌ಪಾತ್ ಮೇಲೆ ಸ್ಟ್ಯಾಂಡ್ ಬೋರ್ಡು, ನೀರಿನ ಕ್ಯಾನು, ಗ್ಯಾಸ್ ಸಿಲಿಂಡರ್, ಗಿರಾಕಿಗಳ ಬೈಕು ಇದ್ದರೆ ಹಿರಿಯರು ರಸ್ತೆಗೆ ಇಳೀತಾರೆ, ಬಿಳಿ ಕೋಲಿನವರು ಮುಗ್ಗರಿಸ್ತಾರೆ. ಒಂದು ಸಲ ಬಿದ್ದವರು ಮತ್ತೆ ಒಬ್ಬರೇ ಹೊರಗೆ ಬರಲ್ಲ. ಆ ಗಿರಾಕಿಯನ್ನೂ ನಾವು ಕಳೆದುಕೊಂಡಂಗೆ.

ವ್ಯಾಪಾರಿಗಳು ದುಡ್ಡಿಲ್ಲದೆ ಮಾಡಬಹುದಾದ ಕೆಲವು ಕೆಲಸ:

• ಫುಟ್‌ಪಾತಿನಲ್ಲಿ ಗೋಡೆಗೂ ರಸ್ತೆಗೂ ನಡುವೆ ಇಬ್ಬರು ಜೊತೆಯಾಗಿ ನಡೆಯೋಷ್ಟು ಜಾಗ ಯಾವತ್ತೂ ಖಾಲಿ ಬಿಡಿ. ಇವತ್ತು ಬಲಗಡೆ, ನಾಳೆ ಎಡಗಡೆ ಅಂತ ಸಾಮಾನು ಜಾಗ ಬದಲಾಯಿಸಬೇಡಿ. ಕಣ್ಣು ಕಾಣದವರು ದಾರಿಯನ್ನ ನೆನಪಿನಲ್ಲಿ ಇಟ್ಟುಕೊಂಡಿರ್ತಾರೆ.

• ತಲೆ ಎತ್ತರಕ್ಕೆ ನೇತಾಡೋ ಬೋರ್ಡು, ಶೀಟಿನ ಚೂಪು ಅಂಚು ಮೇಲಕ್ಕೆ ಕಟ್ಟಿ. ಬಿಳಿ ಕೋಲು ನೆಲದ ವಸ್ತು ಹೇಳುತ್ತೆ, ತಲೆಗೆ ತಾಗೋದನ್ನ ಹೇಳಲ್ಲ.

• ಬಾಗಿಲ ಪಕ್ಕ ಅಂಗಡಿ ನಂಬರ್, ಕ್ರಾಸ್ ನಂಬರ್ ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಿ. ದಟ್ಟ ಬಣ್ಣದ ಮೇಲೆ ಬಿಳಿ, ಇಲ್ಲಾ ಬಿಳಿ ಮೇಲೆ ಕಪ್ಪು. ಬರೆಸಿದ ಮೇಲೆ ರಸ್ತೆಯ ಆಚೆ ನಿಂತು, ಮನೆಯ ಹಿರಿಯರನ್ನ ಕರೆದು ಓದಿಸಿ ನೋಡಿ.

• ದಾರಿ ಕೇಳಿದ್ರೆ ‘ಅಲ್ಲೇ ಮುಂದೆ ಹೋಗಿ’ ಅಂತ ಕೈ ತೋರಿಸಬೇಡಿ. ಕಣ್ಣು ಕಾಣದವರಿಗೆ ‘ಅಲ್ಲೇ’ ಅಂದ್ರೆ ಏನೂ ಅಲ್ಲ. ‘ನಿಮ್ಮ ಬಲಗಡೆಗೆ ತಿರುಗಿ ಸುಮಾರು ಇಪ್ಪತ್ತು ಹೆಜ್ಜೆ, ಆಮೇಲೆ ಒಂದು ಮೆಟ್ಟಿಲು ಇಳೀಬೇಕು’ ಅಂತ ಹೇಳಿ.

• ಜೊತೆಗೆ ಕರೆದುಕೊಂಡು ಹೋಗೋದಾದ್ರೆ ಅವರ ಕೈ ಹಿಡಿದು ಎಳೀಬೇಡಿ. ನಿಮ್ಮ ಮೊಣಕೈ ಹಿಡಿಯೋಕೆ ಕೊಡಿ, ಅರ್ಧ ಹೆಜ್ಜೆ ಮುಂದೆ ನಡೀರಿ. ಗಾಲಿಕುರ್ಚಿ ತಳ್ಳೋ ಮುಂಚೆ ಕೇಳಿ.

ದೂರು ಎಲ್ಲಿಗೆ, ಹೇಗೆ?

ಬಾಯಿಮಾತಿನ ದೂರಿಗೆ ಬೆಲೆ ಇಲ್ಲ. ಫೋಟೋ, ದಿನಾಂಕ, ಸಮಯ, ಜಾಗದ ಹೆಸರು ಇರಲಿ. ‘ನಿಲ್ದಾಣ ಸರಿ ಇಲ್ಲ’ ಅಂತ ಬರೆಯೋ ಬದಲು ‘ಇಂಥ ಗೇಟಿನಿಂದ ಲಿಫ್ಟ್‌ವರೆಗೆ ಬೋರ್ಡಿಲ್ಲ’, ‘ಇಂಥ ಕಡೆ ಹಳದಿ ಪಟ್ಟಿ ಕಿತ್ತುಹೋಗಿದೆ’ ಅಂತ ಬರೀರಿ.

ಮೆಟ್ರೋ ವಿಷಯಕ್ಕೆ ಬಿಎಂಆರ್‌ಸಿಎಲ್ ಸಹಾಯವಾಣಿ 1800-425-12345. ಬಿಎಂಟಿಸಿಗೆ 1800-425-1663. ರೈಲ್ವೆಗೆ 139. ಸಾರ್ವಜನಿಕ ಜಾಗಗಳ ತೊಂದರೆಗೆ ಕೇಂದ್ರ ಸರ್ಕಾರದ ‘ಸುಗಮ್ಯ ಭಾರತ್’ ಆ್ಯಪ್ ಇದೆ, ಫೋಟೋ ಹಾಕಿ ದೂರು ಕೊಡಬಹುದು. ಇದಕ್ಕೂ ಬಗ್ಗದಿದ್ರೆ ಕಾಯ್ದೆ ಪ್ರಕಾರ ದೂರು ವಿಚಾರಣೆ ಮಾಡೋ ಅಧಿಕಾರ ವಿಕಲಚೇತನರ ರಾಜ್ಯ ಆಯುಕ್ತರಿಗೆ ಇದೆ. ಅವರಿಗೆ ಬರಹದಲ್ಲಿ ಕೊಡಿ, ಸ್ವೀಕೃತಿ ತಗೊಳ್ಳಿ.

ನಿವಾಸಿಗಳ ಸಂಘದವರು ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು ಅನ್ನೋದು ನೆನಪಿರಲಿ. ಕೇಳಬೇಕಾದ ಪ್ರಶ್ನೆ ಸರಳ: ಈ ನಿಲ್ದಾಣದಲ್ಲಿ ವಿಕಲಚೇತನರ ಅನುಕೂಲದ ಬಗ್ಗೆ ತಪಾಸಣೆ ಯಾವಾಗ ಆಗಿದೆ, ಅದರ ವರದಿಯ ಪ್ರತಿ ಕೊಡಿ.

ಅದಕ್ಕೂ ಮುಂಚೆ ನೀವೇ ಒಂದು ತಪಾಸಣೆ ಮಾಡಿ. ಒಂದು ಭಾನುವಾರ ನಾಲ್ಕೈದು ಜನ ಸೇರಿ, ಒಬ್ಬ ಹಿರಿಯರು, ಸಾಧ್ಯವಾದ್ರೆ ಗಾಲಿಕುರ್ಚಿ ಬಳಸೋರು ಒಬ್ಬರು, ದೃಷ್ಟಿದೋಷ ಇರೋರು ಒಬ್ಬರನ್ನ ಕರೆದುಕೊಂಡು ಉಲ್ಲಾಳದ ಬಸ್ ಸ್ಟಾಪಿನಿಂದ ಹತ್ತಿರದ ಮೆಟ್ರೋ ಪ್ಲಾಟ್‌ಫಾರಂವರೆಗೆ ಹೋಗಿ. ಒಂದೇ ಷರತ್ತು: ನೀವು ದಾರಿ ಹೇಳಬಾರದು, ಅವರೇ ಹುಡುಕಬೇಕು. ಅವರು ಎಲ್ಲೆಲ್ಲಿ ನಿಂತು ಅನುಮಾನಪಟ್ಟರೋ ಆ ಜಾಗ ಬರೆದುಕೊಳ್ಳಿ. ಬೋರ್ಡು ಬೇಕಿರೋದು ಅಲ್ಲೇ. ಯಾವ ಕನ್ಸಲ್ಟೆಂಟ್‌ಗೂ ಇದಕ್ಕಿಂತ ಒಳ್ಳೆ ವರದಿ ಕೊಡೋಕಾಗಲ್ಲ.

ಬೋರ್ಡು ಬರೋವರೆಗೆ ಕಾಯೋಕಾಗಲ್ಲ ಅನ್ನೋ ಮನೆಯವರಿಗೆ ಒಂದು ಸಣ್ಣ ಉಪಾಯ. ಹಿರಿಯರು ಹೋಗೋ ದಾರಿಯನ್ನ ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಕೊಡಿ: ಹತ್ತೋ ನಿಲ್ದಾಣ, ಯಾವ ದಿಕ್ಕಿನ ರೈಲು, ಎಷ್ಟನೇ ನಿಲ್ದಾಣ, ಇಳಿದ ಮೇಲೆ ಯಾವ ಮಾರ್ಗ, ವಾಪಸ್ ಬರುವಾಗ ‘ಚಲ್ಲಘಟ್ಟ’ ರೈಲು. ಕೆಳಗೆ ನಿಮ್ಮ ಮೊಬೈಲ್ ನಂಬರ್. ನಿಲ್ದಾಣದೊಳಗೆ ಹೋದ ತಕ್ಷಣ ಸಿಬ್ಬಂದಿಗೆ ಚೀಟಿ ತೋರಿಸಿ ಸಹಾಯ ಕೇಳೋದರಲ್ಲಿ ಸಂಕೋಚ ಬೇಡ, ಗಾಲಿಕುರ್ಚಿ ಬೇಕಿದ್ರೂ ಅಲ್ಲೇ ಕೇಳಿ.

ಹಾಗಂತ ಚೀಟಿಯೇ ಪರಿಹಾರ ಅಲ್ಲ. ಚೀಟಿ ಇಲ್ಲದೆ, ಮಗನ ರಜೆ ಕಾಯದೆ, ಉಲ್ಲಾಳದ ಹಿರಿಯರು ಒಬ್ಬರೇ ಹೋಗಿ ಒಬ್ಬರೇ ವಾಪಸ್ ಬರೋ ಹಾಗಿರಬೇಕು. ಲಿಫ್ಟ್ ಹಾಕಿಸೋದು ಸರ್ಕಾರದ ಕೈಯಲ್ಲಿದೆ, ಬೋರ್ಡು ಕೇಳೋದು ನಮ್ಮ ಕೈಯಲ್ಲಿದೆ. ಅಂಗಡಿ ಮುಂದಿನ ಹತ್ತು ಅಡಿಯಂತೂ ಇವತ್ತು ಸಂಜೆಯೇ ಖಾಲಿ ಮಾಡಬಹುದು.